ಮ್ಯಾಗ್ನೆಟೋಮೀಟರ್ ಸರ್ವೆಗೆ ಒಯ್ಯುವ ಮುಂಚೆ

ಗೆಳೆಯರೇ, ಭೂಮಿಯ ಕಾಂತಕ್ಷೇತ್ರ ಅಳೆಯುವ ಪ್ರೋಟಾನ್ ಮ್ಯಾಗ್ನೆಟೋಮೀಟರನ್ನು ತಾರಸಿ ಮೇಲೆ ಪರೀಕ್ಷೆ ಮಾಡಬೇಡಿ. ಸ್ಲ್ಯಾಬಿನ ಕಂಬಿ ರೀಡಿಂಗ್ ಕೆಡಿಸುತ್ತದೆ. ಮೆಟ್ರೋ ಹತ್ತಿರವೂ ಬೇಡ. ಅದು ಓಡುವುದು 750 ವೋಲ್ಟ್ ಡಿಸಿಯಲ್ಲಿ, ರೈಲು ಬಂದಾಗೆಲ್ಲ ಅಂಕಿ ಕುಣಿಯುತ್ತದೆ. ಊರಾಚೆ ಬಯಲಿಗೆ ಹೋಗಿ.

ಬೆಂಗಳೂರಿನಲ್ಲಿ ಒಟ್ಟು ಕಾಂತಕ್ಷೇತ್ರ ಸುಮಾರು 41,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ), ಮೀಟರಿನ ಟ್ಯೂನಿಂಗ್ ಅಲ್ಲಿಗೇ ಇಡಿ. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿ ಉತ್ತರಕ್ಕಿರುತ್ತದೆ ಅಲ್ವಾ, ಹಾಗಾಗಿ ಸೆನ್ಸರಿನ ಸುರುಳಿ ಅದಕ್ಕೆ ಅಡ್ಡವಾಗಿ, ಪೂರ್ವ-ಪಶ್ಚಿಮಕ್ಕೆ ಮುಖ ಮಾಡಿರಲಿ. ಉತ್ತರಕ್ಕೆ ತಿರುಗಿದರೆ ಸಿಗ್ನಲ್ಲೇ ಸಿಗುವುದಿಲ್ಲ. ತುಂಬಾ ಜನ ಇದನ್ನು ಮರೆತು, ಸುಮ್ನೆ ಸೆನ್ಸರ್ ಕೆಟ್ಟಿದೆ ಅಂತಾರೆ.

ಒಂದೇ ಕಡೆ ಅಲ್ಲಾಡಿಸದೆ ಹತ್ತು ಸಲ ರೀಡಿಂಗ್ ತೆಗೆಯಿರಿ. ಒಂದೆರಡು ನ್ಯಾನೊಟೆಸ್ಲಾಗಿಂತ ಜಾಸ್ತಿ ಆಚೀಚೆ ಆದರೆ ಮೊದಲು ಬ್ಯಾಟರಿ, ಕೇಬಲಿನ ಪಿನ್ ನೋಡಿ. ಸೆನ್ಸರಿನ ಒಳಗಿನ ಬಾಟಲಿಯಲ್ಲಿ ಸೀಮೆಎಣ್ಣೆ ಇಳಿದಿದೆಯಾ ಅಂತಲೂ ನೋಡಿ. ಮೊಬೈಲ್, ಬೀಗದ ಕೈ, ಬೆಲ್ಟ್ ದೂರ ಇಡಿ.