ಮತಪತ್ರದ ಮೇಲೆ ಹಳದಿ ಚುಕ್ಕಿ ಹುಡುಕಿದ್ದು

ಹಾಸನದ ಬಿ.ಎಂ. ರಸ್ತೆ ಹತ್ತಿರ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ. ಒಂದು ಸಂಘದ ಚುನಾವಣೆಗೆ ಮತಪತ್ರ ಪ್ರಿಂಟ್ ಮಾಡಿಕೊಟ್ಟಿದ್ದೆ. ಚಿಹ್ನೆಗಳು ಬಣ್ಣದಲ್ಲಿರಲಿ ಅಂದರು, ಹಾಗಾಗಿ ಕಲರ್ ಲೇಸರ್. ಎಣಿಕೆಯ ರಾತ್ರಿ ಫೋನ್ ಬಂತು. ಸಹಿ ಹಾಕಿದವರು 187, ಪೆಟ್ಟಿಗೆಯಲ್ಲಿದ್ದದ್ದು 190. "ನಿಮ್ಮಲ್ಲೇ ಮೂರು ಜಾಸ್ತಿ ಹೊಡೆದು ಯಾರಿಗಾದ್ರೂ ಕೊಟ್ರಾ?"

ಮೈ ಉರಿಯಿತು. ಆಗ ನೆನಪಾದದ್ದು ಹಳದಿ ಚುಕ್ಕಿ. ಬಹಳಷ್ಟು ಕಲರ್ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕಿ ಉದುರಿಸುತ್ತವೆ. ಖೋಟಾ ನೋಟು ಮಾಡುವವರನ್ನು ಹಿಡಿಯಲೆಂದು ಬಂದ ಪದ್ಧತಿ ಇದು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆಯವರು 2005ರಲ್ಲಿ ಜೆರಾಕ್ಸ್ ಕಂಪನಿಯ ಡಾಕ್ಯುಕಲರ್ ಮೆಷಿನ್ನಿನ ಚುಕ್ಕಿಗಳನ್ನು ಬಿಡಿಸಿ ಓದಿದ್ದರು. 15ಕ್ಕೆ 8ರ ಚೌಕಳಿಯಲ್ಲಿ ತಾರೀಕು, ಹೊತ್ತು, ಸೀರಿಯಲ್ ನಂಬರ್ ಎಲ್ಲಾ ಇತ್ತು. ನನ್ನದು ಬೇರೆ ಕಂಪನಿಯ ಮೆಷಿನ್, ಓದೋಕೆ ಬರಲ್ಲ. ಆದರೆ ನನಗೆ ಬೇಕಿದ್ದದ್ದು ಹೋಲಿಕೆ ಮಾತ್ರ ಅಲ್ವಾ?

ಮೊದಲು ಮೊಬೈಲ್ ಟಾರ್ಚಿಗೆ ನೀಲಿ ಜಿಲೇಟಿನ್ ಹಾಳೆ ಕಟ್ಟಿ ನೋಡಿದೆ. ಏನೂ ಕಾಣಲಿಲ್ಲ. ನೀಲಿ ಎಲ್‌ಇಡಿ ಟಾರ್ಚ್ ತಂದೆ, ವಾಚ್ ರಿಪೇರಿಯವರ ಹತ್ತಿರ ಭೂತಗನ್ನಡಿ ಇಸ್ಕೊಂಡೆ, ಶಟರ್ ಎಳೆದೆ. ಹಳದಿ ನೀಲಿ ಬೆಳಕನ್ನು ನುಂಗುತ್ತದೆ, ಅದಕ್ಕೇ ಚುಕ್ಕಿ ಕಪ್ಪಗೆ ಕಾಣುತ್ತದೆ. ನನ್ನ ಹಾಳೆಯ ಅಂಚಿನಲ್ಲಿ ರಾಗಿ ಚೆಲ್ಲಿದ ಹಾಗಿತ್ತು.

ಮರುದಿನ ಎರಡೂ ಕಡೆಯವರ ಎದುರು 190 ಹಾಳೆಗಳನ್ನೂ ನೋಡಿದೆ. ಯಾರಿಗೆ ಮತ ಬಿದ್ದಿದೆ ಅಂತ ಕಾಣಬಾರದು, ಅದಕ್ಕೆ ನಡುವೆ ರಟ್ಟು ಮುಚ್ಚಿ ಅಂಚು ಮಾತ್ರ ಬಿಟ್ಟಿದ್ದೆ. ಕುತ್ತಿಗೆ ಹಿಡಿದುಹೋಯಿತು. ಮೂರು ಹಾಳೆಗಳಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಕೆಲವು ಲೇಸರ್ ಮೆಷಿನ್ನುಗಳೂ ಚುಕ್ಕಿ ಹಾಕಲ್ಲ, ಹಾಗಾಗಿ ಅಕ್ಷರಗಳನ್ನೂ ನೋಡಿದೆ. ಲೇಸರಿನ ಅಕ್ಷರದ ಅಂಚು ಚೊಕ್ಕ ಇರುತ್ತದೆ. ಇವುಗಳಲ್ಲಿ ಶಾಯಿ ಕಾಗದದ ನಾರಿಗೆ ಹರಡಿತ್ತು, ಬಟ್ಟೆ ಮೇಲೆ ಇಂಕ್ ಚೆಲ್ಲಿದ ಹಾಗೆ. ಇಂಕ್‌ಜೆಟ್! ನನ್ನ ಅಂಗಡಿಯಲ್ಲಿ ಅದು ಇಲ್ಲವೇ ಇಲ್ಲ.

ಪೆಟ್ಟಿಗೆಗೆ ಹಾಕಿದ್ದು ಯಾರು? ಅದನ್ನು ಚುಕ್ಕಿ ಹೇಳಲ್ಲ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬೇಕಾಗಿಯೂ ಇರಲಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಮತಪತ್ರದ ಹಿಂದೆ ಅಧಿಕಾರಿಯ ಸಹಿ, ಸೀಲು ಇರುತ್ತದೆ. ಇವರು ಬರೀ ಹಾಳೆ ಹಂಚಿದ್ದರು.

ಮರುಚುನಾವಣೆಗೂ ನಾನೇ ಪ್ರಿಂಟ್ ಮಾಡಿದೆ. ಈ ಸಲ ಇನ್ನೊಂದು ಯೋಚನೆ ಬಂತು. ಚುಕ್ಕಿಯಲ್ಲಿ ಹೊತ್ತೂ ಇದ್ದು, ಹಾಳೆಗಳನ್ನು ಪ್ರಿಂಟಾದ ಸಾಲಿನಲ್ಲೇ ಹಂಚಿದರೆ, ಯಾರ ಮತ ಯಾವುದು ಅಂತ ಅಂದಾಜು ಮಾಡಬಹುದು. ಅದಕ್ಕೇ ಕಟ್ಟು ಕಟ್ಟುವ ಮೊದಲು ಎಲ್ಲವನ್ನೂ ಇಸ್ಪೀಟಿನ ಹಾಗೆ ಚೆನ್ನಾಗಿ ಕಲಸಿ ಕೊಟ್ಟೆ.