ವೃಂದಗಾನಕ್ಕೆ ವಚನವನ್ನು ಅಣಿಗೊಳಿಸುವ ಬಗೆ

12ನೇ ಶತಮಾನದ ವಚನಗಳಿಗೆ ಕೀರ್ತನೆಯಂತೆ ಪಲ್ಲವಿ, ಚರಣಗಳ ಕಟ್ಟಿಲ್ಲ. ಆದ್ದರಿಂದ ರಾಗವನ್ನು ಆಯುವ ಮೊದಲು ಎಲ್ಲರೂ ಒಟ್ಟಾಗಿ ವಚನವನ್ನು ನಾಲ್ಕಾರು ಬಾರಿ ಗಟ್ಟಿಯಾಗಿ ಓದಿ, ಅರ್ಥಕ್ಕೆ ತಕ್ಕಂತೆ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಸೀಸದಕಡ್ಡಿಯಿಂದ ಗುರುತಿಸಬೇಕು.

ಸ್ವರ ಹಾಕುವಾಗ ಹ್ರಸ್ವಾಕ್ಷರಗಳ ಮೇಲೆ ಕಣ್ಣಿರಲಿ. ‘ಬಳೆ’ಯ ಮೊದಲಕ್ಷರವನ್ನು ಎಳೆದರೆ ಕೇಳುವವರಿಗೆ ‘ಬಾಳೆ’ಯಾಗುತ್ತದೆ, ಒಬ್ಬರೇ ಹಾಡುವಾಗ ಮರೆಯಾಗಬಹುದಾದ ಈ ದೋಷ ಇಪ್ಪತ್ತು ಕಂಠಗಳಲ್ಲಿ ಎದ್ದು ಕಾಣುತ್ತದೆ. ಅಕ್ಕಮಹಾದೇವಿಯ ಅಂಕಿತವಾದ ‘ಚೆನ್ನಮಲ್ಲಿಕಾರ್ಜುನ’ವನ್ನು ತಾಳದ ಅನುಕೂಲಕ್ಕಾಗಿ ‘ಚೆನ್ನಮಲ್ಲಿ’ ಎಂದು ನಿಲ್ಲಿಸಿ, ಉಸಿರೆಳೆದು, ‘ಕಾರ್ಜುನ’ ಎಂದು ಮುಂದುವರಿಸುವುದು ನನ್ನ ಮಟ್ಟಿಗೆ ಅಕ್ಷಮ್ಯ. ಉಸಿರನ್ನು ಅಂಕಿತಕ್ಕೆ ಮೊದಲೇ ತುಂಬಿಕೊಂಡು, ಒತ್ತಕ್ಷರಗಳನ್ನು ಮುಖ್ಯ ಗಾಯಕರ ಕೈಸನ್ನೆಗೆ ಸರಿಯಾಗಿ ಒಟ್ಟಿಗೆ ನುಡಿಯುವುದನ್ನು ತಂಬೂರಿಯಿಲ್ಲದೆ, ಬರಿಯ ಮಾತಿನಲ್ಲೇ ಅಭ್ಯಾಸ ಮಾಡಬೇಕು.

ತಾರಸ್ಥಾಯಿಯಲ್ಲಿ (ಮೇಲಿನ ಸ್ವರಗಳಲ್ಲಿ) ಎಲ್ಲರಿಗಿಂತ ಬೇಗ ದಣಿಯುವ ಕಂಠಕ್ಕೆ ಶ್ರುತಿಯನ್ನು ಹೊಂದಿಸಿಕೊಳ್ಳಿ. ತಬಲಾ ಕೊನೆಗೆ ಬರಲಿ. ಅದು ಮೊದಲೇ ಕೂಡಿಕೊಂಡರೆ ಹಾಡುವವರು ಮಾತನ್ನು ಬಿಟ್ಟು ಲಯದ ಬೆನ್ನು ಹತ್ತುತ್ತಾರೆ.