ದೋಹಾ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಲೌಂಜ್ ಸಲಹೆ

ಬೆಂಗಳೂರಿನಿಂದ ಕತಾರ್ ಏರ್‌ವೇಸ್‌ನಲ್ಲಿ ಬಿಸಿನೆಸ್ ಕ್ಲಾಸ್ ಬುಕ್ ಮಾಡುವವರು ಮೊದಲು ಟಿಕೆಟ್ ದರದ ಹೆಸರು ನೋಡಿ. ‘ಲೈಟ್’ ದರವಾದರೆ ಲೌಂಜ್ (ವಿಮಾನಕ್ಕೆ ಕಾಯುವಾಗ ಊಟ, ವಿಶ್ರಾಂತಿಗೆ ಇರುವ ಜಾಗ) ಪ್ರವೇಶ ಅದರಲ್ಲಿ ಸೇರಿರುವುದಿಲ್ಲ. ಅಪ್ಪ ಅಮ್ಮನಿಗೆ ಅಗ್ಗಕ್ಕೆ ಸಿಕ್ಕಿತೆಂದು ಇದನ್ನೇ ತೆಗೆದುಕೊಟ್ಟು, ‘ಲೌಂಜಲ್ಲಿ ಆರಾಮಾಗಿ ಊಟ ಮಾಡಿ’ ಅಂತ ಕಳಿಸಿಬಿಡಬೇಡಿ. ಕ್ರೆಡಿಟ್ ಕಾರ್ಡ್ ತೋರಿಸಿದರೂ ಅಲ್ ಮುರ್ಜಾನ್ ಲೌಂಜ್, ಅಂದರೆ ದೋಹಾ ನಿಲ್ದಾಣದಲ್ಲಿ ಕತಾರ್‌ನ ಬಿಸಿನೆಸ್ ಲೌಂಜ್, ಬಾಗಿಲು ತೆರೆಯದು. ಎಕಾನಮಿಯಲ್ಲಿ ಹೋಗುವ ಒನ್‌ವರ್ಲ್ಡ್ (ಕತಾರ್ ಸೇರಿರುವ ವಿಮಾನ ಕಂಪನಿಗಳ ಕೂಟ) ಸಫೈರ್ ದರ್ಜೆಯ ಸದಸ್ಯರಿಗೂ ಇಲ್ಲಿ ಪ್ರವೇಶವಿಲ್ಲ, ಅವರಿಗೆ ಬೇರೆ ಲೌಂಜ್ ಇದೆ.

ಅಲ್ ಮುರ್ಜಾನ್ ಎರಡು ಕಡೆ ಇದೆ. ದೊಡ್ಡ ಹಳದಿ ಕರಡಿ ಪ್ರತಿಮೆ ಇರುವ ದಕ್ಷಿಣ ಭಾಗದಲ್ಲಿ ಒಂದು, ಉತ್ತರದ ಗಾರ್ಡನ್ ಕಡೆ ಇನ್ನೊಂದು. ಬೋರ್ಡ್ ನೋಡಿ ನಿಮ್ಮ ಗೇಟಿಗೆ ಹತ್ತಿರದ್ದಕ್ಕೇ ಹೋಗಿ.

ಒಳಗೆ ಹೋದ ತಕ್ಷಣ ಸ್ನಾನಕ್ಕೆ ಹೆಸರು ಬರೆಸಿ, ಊಟ ಆಮೇಲೆ. ರಶ್ ಇದ್ದಾಗ ಕಾಯಬೇಕಾಗುತ್ತದೆ. ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಮಾಡಿದ ಸೂಟ್‌ಕೇಸ್ ಮಧ್ಯದಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳು ಸೂಪ್, ಸಾಸ್‌ಗಳ ಬಗ್ಗೆ ಸಿಬ್ಬಂದಿಯನ್ನು ಕೇಳಿಯೇ ಬಡಿಸಿಕೊಳ್ಳಿ. ಮುಂದೆ ಹದಿನಾಲ್ಕು-ಹದಿನೈದು ಗಂಟೆ ಕೂರಬೇಕು, ಬಿಟ್ಟಿ ಸಿಕ್ಕಿತೆಂದು ಹೊಟ್ಟೆ ಬಿರಿಯ ತಿನ್ನಬೇಡಿ!

ಮುಖ್ಯವಾಗಿ, ಲೌಂಜ್‌ನಲ್ಲಿ ಅನೌನ್ಸ್‌ಮೆಂಟ್ ನಂಬಿ ಕೂರಬೇಡಿ, ಮೊಬೈಲಿನಲ್ಲಿ ಅಲಾರಂ ಇಡಿ. ಅಮೆರಿಕದ ವಿಮಾನಗಳಿಗೆ ಗೇಟಿನ ಬಳಿ ಇನ್ನೊಮ್ಮೆ ತಪಾಸಣೆ ಇರುತ್ತದೆ. ವಯಸ್ಸಾದವರಿದ್ದರೆ ವಿಮಾನದ ಸಮಯಕ್ಕೆ ಒಂದೂವರೆ ಗಂಟೆ ಮುಂಚೆಯೇ ಲೌಂಜ್ ಬಿಡಿ.